ಕೆಂಬೊಟ್ಟಿನ ಸಾಕ್ಷ್ಯ

ಬಂದೂಕಿನ ಬೆನ್ನಿನ ಮೇಲೆ ಎರಡು ಬೆರಳಗಲದ ಒಂದು ಗಾಜನ್ನು ಕೂರಿಸಿ, ಅದರೊಳಗೆ ಒಂದು ಕೆಂಪು ಚುಕ್ಕೆಯನ್ನು ಹೊಳೆಯಿಸಿ, ಚುಕ್ಕೆಯೆಲ್ಲಿಯೋ ಗುಂಡು ಅಲ್ಲಿ ಎಂದು ಭರವಸೆ ಕೊಡುವ ಉಪಕರಣವು ಇಂದು ಅನೇಕ ದೇಶಗಳ ಸೈನ್ಯಗಳಲ್ಲಿ ಬಳಕೆಗೆ ಬಂದಿರುವುದು ವಾಚಕರಲ್ಲಿ ಹಲವರಿಗೆ ವಿದಿತವಾಗಿರಬಹುದು. ರೆಡ್ ಡಾಟ್ ಸೈಟ್ ಎಂಬುದು ಅದಕ್ಕೆ ರೂಢಿಯಲ್ಲಿರುವ ಹೆಸರು. ನಾವು ಈ ಲೇಖನದ ಮಟ್ಟಿಗೆ ಅದನ್ನು ಕೆಂಬೊಟ್ಟು ಎಂದು ಕರೆಯುವೆವು. ಮೇಲಿನ ಭರವಸೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ತನ್ನಷ್ಟಕ್ಕೆ ತಾನೇ ನಿಜವೂ ಅಲ್ಲ. ಚುಕ್ಕೆಯು ತೋರಿಸುವುದು ಕಣ್ಣು ಎತ್ತ ನೋಡುತ್ತಿದೆಯೆಂಬುದನ್ನು ಮಾತ್ರ. ಗುಂಡು ಎತ್ತ ಹೋಗುವುದೆಂಬುದು ನಳಿಗೆಗೆ ಗೊತ್ತೇ ಹೊರತು ಗಾಜಿಗೆ ಗೊತ್ತಿಲ್ಲ. ಇವೆರಡಕ್ಕೂ ಒಪ್ಪಂದ ಮಾಡಿಸುವ ಕೆಲಸವು ನಡೆಯತಕ್ಕದ್ದು ಗುರಿಯ ಅಂಗಳದಲ್ಲಿ. ಕಳೆದ ಚೈತ್ರದಲ್ಲಿ ಮಿತ್ರರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು ಅಂಥದೊಂದು ಅಂಗಳದಲ್ಲಿ ನಾವು ಒಂದು ಇಡೀ ಹಗಲನ್ನು ಕಳೆದು ಬಂದೆವು. ಅಂದಿನಿಂದ ಈ ವಿಷಯವು ನಮ್ಮ ಮೇಜಿನ ಮೇಲೆ ಬಾಕಿ ಉಳಿದಿತ್ತು.

ಮೊದಲು ಈ ಉಪಕರಣದ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. ಹಳೆಯ ಬಂದೂಕಿನಲ್ಲಿ ಹಿಂದೊಂದು ಕಚ್ಚು, ಮುಂದೊಂದು ಮೊಳೆ, ಆಚೆ ದೂರದಲ್ಲಿ ಗುರಿ. ಈ ಮೂರನ್ನೂ ಒಂದೇ ರೇಖೆಗೆ ತರಬೇಕು. ಆದರೆ ಮೂರೂ ಮೂರು ದೂರಗಳಲ್ಲಿವೆ, ಮನುಷ್ಯನ ಕಣ್ಣೋ ಒಂದು ಕ್ಷಣಕ್ಕೆ ಒಂದೇ ದೂರವನ್ನು ನಿಚ್ಚಳವಾಗಿ ನೋಡಬಲ್ಲದು. ನಲವತ್ತು ದಾಟಿದವರ ಅವಸ್ಥೆಯನ್ನಂತೂ ಹೇಳುವುದೇ ಬೇಡ. ಮೂವತ್ತು ವರ್ಷ ಪ್ರೂಫು ತಿದ್ದಿದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಈ ತೊಡಕನ್ನು ಬಿಡಿಸಿದವರು ಐರ್ಲೆಂಡಿನ ಡಬ್ಲಿನ್ ನಗರದ ಹೋವರ್ಡ್ ಗ್ರಬ್ ಎಂಬವರು. ದೂರದರ್ಶಕಗಳನ್ನು ಕಟ್ಟುವುದೇ ಅವರ ಮನೆತನದ ಕಸುಬು. ಹೈದರಾಬಾದಿನ ನಿಜಾಮಿಯ ವೇಧಶಾಲೆಯ 15 ಅಂಗುಲದ ದೂರದರ್ಶಕವೂ ಗ್ರಬ್ ಕಾರ್ಖಾನೆಯದೇ. ಅವರು 1900ರಲ್ಲಿ ಪೇಟೆಂಟು ಪಡೆದ ಗುರಿಗಾಜಿನಲ್ಲಿ ಒಂದು ಬೆಳಕಿನ ಗುರುತು ಗುರಿಯಷ್ಟೇ ದೂರದಲ್ಲಿ, ಗುರಿಯ ಮೇಲೆಯೇ ಬಿದ್ದಂತೆ ಕಾಣುತ್ತಿತ್ತು. 1918ರಲ್ಲಿ ಜರ್ಮನರು ಇದನ್ನು ಯುದ್ಧವಿಮಾನಗಳಿಗೆ ಜೋಡಿಸಿದರು. ಎರಡನೆಯ ಮಹಾಯುದ್ಧದ ವೇಳೆಗೆ ಎರಡು ಪಕ್ಷದ ವಿಮಾನಗಳಲ್ಲಿಯೂ ಅದು ಸಾಮಾನ್ಯವಾಯಿತು. ಹೆಗಲ ಬಂದೂಕಿಗೆ ಇಳಿಯಲು ಮಾತ್ರ ಸಣ್ಣದೊಂದು ದೀಪ ಬೇಕಾಗಿತ್ತು. ಆ ದೀಪ, ಎಂದರೆ ಎಲ್.ಇ.ಡಿ. ಎಂಬ ಕಣದೀಪ, ದೊರೆತ ಮೇಲೆ ಸ್ವೀಡನ್ನಿನ ಎಯ್ಮ್‌ಪಾಯಿಂಟ್ ಸಂಸ್ಥೆಯು 1975ರಲ್ಲಿ ಮೊದಲ ಇಲೆಕ್ಟ್ರಾನಿಕ್ ಕೆಂಬೊಟ್ಟನ್ನು ಮಾರಾಟಕ್ಕೆ ತಂದಿತು. 1990ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ನಡೆದ ಪ್ರಾಯೋಗಿಕ ಪಿಸ್ತೂಲು ಸ್ಪರ್ಧೆಯ ವಿಶ್ವ ಪಂದ್ಯವನ್ನು ಅಮೆರಿಕದ ಡಗ್ ಕೋನಿಗ್ ಇದರ ನೆರವಿನಿಂದಲೇ ಗೆದ್ದರು. 1997ರಲ್ಲಿ ಅಮೆರಿಕದ ಭೂಸೇನೆಯು ಸ್ವೀಡನ್ನಿನವರೊಡನೆ ಕರಾರು ಮಾಡಿಕೊಂಡಿತು. ಒಲಿಂಪಿಕ್ ಕ್ರೀಡೆಗಳ ಪಿಸ್ತೂಲು ಪಂದ್ಯಗಳಲ್ಲಿ ಮಾತ್ರ ಇಂದಿಗೂ ಬರಿಯ ಕಚ್ಚು ಮೊಳೆಗಳಿಗಷ್ಟೇ ಅವಕಾಶ.

ಇದರ ಒಳಗುಟ್ಟು ಸರಳವಾದುದು. ವಕ್ರವಾದ ಒಂದು ಗಾಜು. ಅದರ ನಾಭಿಯಲ್ಲಿ ಒಂದು ಕಣದೀಪ. ಗಾಜಿಗೆ ಬಳಿದಿರುವ ತೆಳುಲೇಪವು ಕೆಂಪು ಬೆಳಕನ್ನು ಮಾತ್ರ ಹಿಂದಕ್ಕೆ ಕಳುಹಿಸಿ ಮಿಕ್ಕೆಲ್ಲ ಬೆಳಕನ್ನೂ ಒಳಕ್ಕೆ ಬಿಡುತ್ತದೆ. ನಾಭಿಯಿಂದ ಹೊರಟ ಕಿರಣಗಳು ಕನ್ನಡಿಗೆ ತಾಗಿ ಸಮಾನಾಂತರವಾಗಿ ಕಣ್ಣಿಗೆ ಬರುವುದರಿಂದ ಚುಕ್ಕೆಯು ಗಾಜಿನ ಮೇಲಲ್ಲ, ಬಹುದೂರದಲ್ಲಿ ತೇಲುತ್ತಿರುವಂತೆ ತೋರುತ್ತದೆ. ಎರಡು ಕಣ್ಣುಗಳನ್ನೂ ತೆರೆದು ಗುರಿಯನ್ನೇ ನೋಡಿದರೆ ಸಾಕು. ಚುಕ್ಕೆಯ ಬೆಳಕು ಗುರಿಯ ಕಡೆಗೆ ಹೋಗುವುದಿಲ್ಲ. ಇದು ಸಿನಿಮಾಗಳಲ್ಲಿ ಎದೆಯ ಮೇಲೆ ಕುಣಿಯುವ ಲೇಸರು ಅಲ್ಲ. ಹಲವರು ಎರಡನ್ನೂ ಒಂದೆಂದು ಭಾವಿಸುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಇನ್ನು ಅಂಗಳಕ್ಕೆ ಬರೋಣ. ನಮ್ಮ ಮಿತ್ರರದು ಪರವಾನಗಿ ಪಡೆದ ಪಾಯಿಂಟ್ 22 ಬೋರಿನ ರೈಫಲು. ಗುರಿಯ ದೂರ 50 ಮೀಟರು. ಕೆಂಬೊಟ್ಟು ಹೊಸದು, ಅಗ್ಗದ್ದು. ಮಾಡಿದವರ ಹೆಸರು ಇಲ್ಲಿ ಬೇಡ. ನಮಗೆ ಶಸ್ತ್ರದ ಪರವಾನಗಿ ಇಲ್ಲ. ಕಣ್ಣಿನ ಪರವಾನಗಿ ಮಾತ್ರ ಇದ್ದುದರಿಂದ ದುರ್ಬೀನಿನ ಹಿಂದೆ ಕುಳಿತು ತೂತುಗಳನ್ನು ಎಣಿಸುವ ಕೆಲಸವು ನಮ್ಮ ಪಾಲಿಗೆ ಬಂದಿತು. ಮೊದಲ ಗುಂಡು ಹಾರುವ ಮುನ್ನ ಅರ್ಧ ಗಂಟೆ ಸಂದಿತು, ಮತ್ತು ಆ ಅರ್ಧ ಗಂಟೆಯೆಲ್ಲ ಕಳೆದದ್ದು ಎರಡು ತಿರುಪುಗಳಿಗಾಗಿ. ಬಂದೂಕಿಗೆ ಗಾಜನ್ನು ಹಿಡಿದಿಡುವ ತಿರುಪಿನ ಜಿಡ್ಡನ್ನು ಒರೆಸಿ, ಅಳತೆಯ ಬಿಗಿಗೆ ತಿರುಗಿಸಿ, ತಿರುಪಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿಯ ಬಣ್ಣದಲ್ಲಿ ಒಂದು ಕೂದಲೆಳೆಯ ಗೆರೆಯನ್ನು ಅವರು ಎಳೆದರು. ಗೆರೆ ತುಂಡಾಗಿ ಕಂಡ ದಿನ ತಿರುಪು ಸಡಿಲಿತೆಂದು ಅರ್ಥ. ಗಾಜು ಕೆಟ್ಟಿತೆಂದು ದೂರುವವರಲ್ಲಿ ಅನೇಕರದು ತಿರುಪಿನ ದೂರೇ ಎಂದು ಅವರು ಹೇಳಿದರು.

ಚುಕ್ಕೆಯನ್ನು ಗುಂಡಿನ ಕಡೆಗೆ ಸರಿಸುವುದಕ್ಕೆ ಎರಡು ತಿರುಗಣಿಗಳಿವೆ. ಒಂದು ಮೇಲೆ ಕೆಳಗೆ, ಇನ್ನೊಂದು ಎಡಬಲ. ತಿರುಗಿಸಿದಾಗ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತವೆ. ಒಂದೊಂದು ಟಿಕ್ಕಿಗೆ ಎಷ್ಟು ಸರಿಯುವುದೆಂಬುದನ್ನು ಆ ಜನರು ಕೋನದಲ್ಲಿ ಅಳೆಯುತ್ತಾರೆ. ಅವರು ಮಿನಿಟ್ ಎನ್ನುವುದು ನಮ್ಮ ಜ್ಯೋತಿಷಿಗಳು ಕಲೆ ಎನ್ನುವುದನ್ನೇ. ಒಂದು ಅಂಶದ ಅರುವತ್ತನೆಯ ಒಂದು ಪಾಲು. ಪಾಠಶಾಲೆಯಲ್ಲಿ ಗ್ರಹಸ್ಫುಟಕ್ಕೆಂದು ಬಾಯಿಪಾಠ ಮಾಡಿಸಿದ ಅಂಶ, ಕಲೆ, ವಿಕಲೆಗಳು ಐವತ್ತು ದಾಟಿದ ಮೇಲೆ ಬಂದೂಕಿನ ಪಕ್ಕದಲ್ಲಿ ಉಪಯೋಗಕ್ಕೆ ಬಂದಾವೆಂದು ನಾವು ಎಣಿಸಿರಲಿಲ್ಲ. 100 ಮೀಟರಿನಲ್ಲಿ ಒಂದು ಕಲೆಯು ಸುಮಾರು 29 ಮಿಲಿಮೀಟರು. 50ರಲ್ಲಿ ಅದರ ಅರ್ಧ, ಹದಿನಾಲ್ಕೂವರೆ. ಮಿತ್ರರ ಗಾಜಿನಲ್ಲಿ ಒಂದು ಟಿಕ್ಕಿಗೆ ಅರ್ಧ ಕಲೆ. ಆದಕಾರಣ 50 ಮೀಟರಿನಲ್ಲಿ ಒಂದು ಟಿಕ್ಕಿಗೆ 7 ಮಿಲಿಮೀಟರಿಗಿಂತ ತುಸು ಹೆಚ್ಚು. ಚುಕ್ಕೆಗೂ ಗಾತ್ರವಿದೆ. 2 ಕಲೆಯ ಚುಕ್ಕೆಯು ಆ ದೂರದಲ್ಲಿ 29 ಮಿಲಿಮೀಟರಿನಷ್ಟು ಗುರಿಯನ್ನು ಮುಚ್ಚಿಬಿಡುತ್ತದೆ. 6 ಕಲೆಯದಾದರೆ ಒಂದು ಸಣ್ಣ ತಟ್ಟೆಯೇ ಮರೆಯಾಗುತ್ತದೆ. ಬೆಳಕನ್ನು ಅತಿಯಾಗಿ ಏರಿಸಿದರೆ ಚುಕ್ಕೆ ಇನ್ನೂ ಊದಿಕೊಳ್ಳುವುದು. ಗುರಿ ಕೂಡಿಸುವಾಗ ಬೆಳಕನ್ನು ಕಣ್ಣಿಗೆ ಕಂಡೂ ಕಾಣದಷ್ಟಕ್ಕೆ ಇಳಿಸಬೇಕೆಂಬುದು ಅನುಭವಿಗಳ ನಿಯಮ.

ಮೊದಲು 25 ಮೀಟರಿನಲ್ಲಿ ಹೊಡೆದು ಕಾಗದದ ಮೇಲೆ ಗುಂಡು ಬೀಳುವುದನ್ನು ಖಚಿತಪಡಿಸಿಕೊಂಡು, ಬಳಿಕ 50ಕ್ಕೆ ಸರಿದರು. ಅಲ್ಲಿ ಬಿದ್ದ ಗುಂಪಿನ ನಡುವು ಗುರಿಗಿಂತ 58 ಮಿಲಿಮೀಟರು ಕೆಳಗೆ, 29 ಮಿಲಿಮೀಟರು ಬಲಕ್ಕೆ ಇತ್ತು. ಲೆಕ್ಕವನ್ನು ನಾವೇ ಹಾಕಿದೆವು: ಎಂಟು ಟಿಕ್ಕು ಮೇಲಕ್ಕೆ, ನಾಲ್ಕು ಎಡಕ್ಕೆ. ಇಲ್ಲಿ ಹೊಸಬರು ಎಡವುವ ಒಂದು ತಾಣವಿದೆ. ತಿರುಗಣಿಯ ಮೇಲೆ ಕೆತ್ತಿರುವ ಬಾಣವು ಗುಂಡು ಸರಿಯುವ ದಿಕ್ಕನ್ನು ಹೇಳುತ್ತದೆಯೇ ಹೊರತು ಚುಕ್ಕೆ ಸರಿಯುವ ದಿಕ್ಕನ್ನಲ್ಲ. ಚುಕ್ಕೆಯು ಕೆಳಕ್ಕೆ ಸರಿಯುತ್ತದೆ; ಅದನ್ನು ಮತ್ತೆ ಗುರಿಗೆ ತರಲು ಮನುಷ್ಯನು ನಳಿಗೆಯನ್ನು ಎತ್ತುತ್ತಾನೆ; ಗುಂಡು ಮೇಲಕ್ಕೆ ಹೋಗುತ್ತದೆ.

ಅಂದು ಪಕ್ಕದ ಸಾಲಿನಲ್ಲಿದ್ದ ಯುವಕರೊಬ್ಬರು ಒಂದು ಗುಂಡು ಹೊಡೆಯುವುದು, ತೂತು ನೋಡುವುದು, ತಿರುಗಣಿ ತಿರುಗಿಸುವುದು, ಮತ್ತೊಂದು ಹೊಡೆಯುವುದು, ಹೀಗೆ ಒಂದು ಪೆಟ್ಟಿಗೆ ತೋಟಾಗಳನ್ನು ಮುಗಿಸಿದರು. ಕೊನೆಗೂ ಅವರ ಗುರಿ ಕೂಡಲಿಲ್ಲ. ಕೂಡುವುದು ಹೇಗೆ? ಒಂದೇ ಬಂದೂಕು, ಒಂದೇ ಬಗೆಯ ತೋಟಾ, ಒಂದೇ ಕೈ ಆದರೂ ಗುಂಡುಗಳು ಒಂದೇ ತೂತಿನಲ್ಲಿ ಹೋಗಲಾರವು. ಚದರಿ ಬೀಳುವುದು ಅವುಗಳ ಸ್ವಭಾವ. ಒಂದೇ ತೂತನ್ನು ನಂಬಿ ಗಾಜನ್ನು ತಿದ್ದುವವನು ಗಾಜನ್ನು ತಿದ್ದುತ್ತಿಲ್ಲ, ಆಕಸ್ಮಿಕವನ್ನು ಬೆನ್ನಟ್ಟುತ್ತಿದ್ದಾನೆ. ಮೂರು ಗುಂಡಿನ ನಡುವಿಗಿಂತ ಹತ್ತು ಗುಂಡಿನ ನಡುವು ಹತ್ತಿರಹತ್ತಿರ ಇಮ್ಮಡಿ ನಂಬಲರ್ಹವೆಂದು ಗಣಿತವು ಹೇಳುತ್ತದೆ. ಮಿತ್ರರು ಹತ್ತು ಹೊಡೆದ ಬಳಿಕವೇ ತಿರುಗಣಿಗೆ ಕೈಯಿಡುತ್ತಿದ್ದರು. ಯುವಕರಿಗೆ ಅದನ್ನು ಹೇಳುವ ಮನಸ್ಸು ನಮಗೆ ಬಂದಿತು, ಹೇಳಲಿಲ್ಲ. ಬಂದೂಕು ಹಿಡಿಯದವನ ಉಪದೇಶ ಯಾರಿಗೆ ಬೇಕು?

ಗುರಿ ಕೂಡಿತೆಂದರೆ ಪರೀಕ್ಷೆ ಮುಗಿಯಿತೆಂದಲ್ಲ, ಅಲ್ಲಿಂದಲೇ ಆರಂಭವಾಯಿತು. ತಿರುಗಣಿ ಹೇಳಿದಷ್ಟು ನಿಜವಾಗಿ ಸರಿಯುವುದೇ ಎಂಬುದು ಮುಂದಿನ ಪ್ರಶ್ನೆ. ಒಂದು ಗುಂಪು ಹೊಡೆದು, ಇಪ್ಪತ್ತು ಟಿಕ್ಕು ಮೇಲಕ್ಕೆ ತಿರುಗಿಸಿ ಒಂದು ಗುಂಪು, ಇಪ್ಪತ್ತು ಬಲಕ್ಕೆ ಒಂದು, ಇಪ್ಪತ್ತು ಕೆಳಕ್ಕೆ ಒಂದು, ಕೊನೆಗೆ ಇಪ್ಪತ್ತು ಎಡಕ್ಕೆ ತಿರುಗಿಸಿದರೆ ಮೊದಲ ಗುಂಪಿನ ಮೇಲೆಯೇ ಕೊನೆಯ ಗುಂಪು ಬೀಳಬೇಕು. ಕಣ್ಣು ಆದ್ಯಂತವಾಗಿ ಒಂದೇ ಬಿಂದುವನ್ನು ನೋಡುತ್ತಿರಬೇಕು. ಕಾಗದದ ಮೇಲೆ 145 ಮಿಲಿಮೀಟರು ಬಾಹುವಿನ ಒಂದು ಚೌಕ ಮೂಡಬೇಕಾಗಿತ್ತು. ಮೇಲಿನ ಬಾಹುವು ಸರಿಯಾಗಿ ಬಂದಿತು. ಹಿಂದಕ್ಕೆ ಬರುವ ಬಾಹುವು ಒಂದು ಬೆರಳಿನಷ್ಟು ಗಿಡ್ಡವಾಯಿತು. ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಟಿಕ್ಕುಗಳಲ್ಲಿ ಸದ್ದು ಮಾತ್ರ ಆಗುತ್ತದೆ, ಒಳಗಿನ ಸ್ಪ್ರಿಂಗು ಅಲುಗುವುದಿಲ್ಲ. ಎರಡು ಗುಂಡು ಹೊಡೆದು ಅದು ಅದುರಿದ ಮೇಲೆ ಚುಕ್ಕೆ ತನ್ನ ಸ್ಥಾನಕ್ಕೆ ಬರುತ್ತದೆ. ಗೊತ್ತಿದ್ದವರಿಗೆ ಇದು ದೊಡ್ಡ ದೋಷವಲ್ಲ. ಗೊತ್ತಿಲ್ಲದವರು ಒಂದು ಪೆಟ್ಟಿಗೆ ತೋಟಾ ಮುಗಿಸುತ್ತಾರೆ.

ತರುವಾಯ ಪ್ಯಾರಲಾಕ್ಸ್, ಎಂದರೆ ಕಣ್ಣು ಸರಿದರೆ ಚುಕ್ಕೆಯೂ ಸರಿಯುವ ದೋಷ. ಇದಿಲ್ಲವೆಂಬುದೇ ಕೆಂಬೊಟ್ಟಿನ ಜಾಹೀರಾತುಗಳ ದೊಡ್ಡ ಅಕ್ಷರದ ಮಾತು. ಕಿರಣಗಳು ನಿಜವಾಗಿ ಸಮಾನಾಂತರವಾಗಿದ್ದರೆ ಕಣ್ಣು ಗಾಜಿನ ನಡುವಿನಿಂದ ಎಷ್ಟು ಸರಿಯಿತೋ ಅಷ್ಟೇ ತಪ್ಪು. 20 ಮಿಲಿಮೀಟರು ವ್ಯಾಸದ ಗಾಜಿನಲ್ಲಿ ಹೆಚ್ಚೆಂದರೆ 10 ಮಿಲಿಮೀಟರು. ಅದು 10 ಮೀಟರಿನಲ್ಲಿಯೂ ಅಷ್ಟೇ, 100 ಮೀಟರಿನಲ್ಲಿಯೂ ಅಷ್ಟೇ, ಬೆಳೆಯುವುದಿಲ್ಲ. ಆದರೆ ಕನ್ನಡಿಯ ಉಜ್ಜುವಿಕೆಯಲ್ಲಿ ಊನವಿದ್ದರೆ ಅಂಚಿನ ಕಿರಣಗಳು ಓರೆಯಾಗುತ್ತವೆ. ಆ ತಪ್ಪು ದೂರದೊಡನೆ ಬೆಳೆಯುತ್ತದೆ. ಪರೀಕ್ಷೆಗೆ ತೋಟಾ ಬೇಕಾಗಿಲ್ಲ. ರೈಫಲನ್ನು ಬರಿದುಮಾಡಿ, ಅದರ ಬಾಗಿಲನ್ನು ತೆರೆದಿಟ್ಟು, ಮರಳಿನ ಚೀಲಗಳ ನಡುವೆ ಕದಲದಂತೆ ಕೂರಿಸಿ, ಮುಟ್ಟದೆ ತಲೆಯನ್ನು ಮಾತ್ರ ಆಚೀಚೆ ಸರಿಸಬೇಕು. ಮಿತ್ರರ ಚುಕ್ಕೆಯು ನಡುವಿನಲ್ಲಿ ಸ್ಥಿರವಾಗಿದ್ದು, ಎಡದ ಅಂಚಿಗೆ ಹೋದಾಗ ಗುರಿಯ ಮೇಲೆ ಮೂರು ಸೆಂಟಿಮೀಟರಿನಷ್ಟು ಜಾರಿತು. ಹತ್ತು ಮಿಲಿಮೀಟರಿನದು ಜ್ಯಾಮಿತಿಯ ಪಾಲು; ಉಳಿದದ್ದು ಕನ್ನಡಿ ಉಜ್ಜಿದವನ ಪಾಲು.

ನಳಿಗೆಗೂ ಗಾಜಿಗೂ ನಡುವೆ ಇರುವ ಎತ್ತರವನ್ನು ಮರೆಯುವುದು ಇನ್ನೊಂದು ತಪ್ಪು. ಅಮೆರಿಕದ ಎ.ಆರ್. 15 ಮಾದರಿಯ ರೈಫಲುಗಳಲ್ಲಿ ಚುಕ್ಕೆಯು ನಳಿಗೆಗಿಂತ ಆರೂವರೆ ಸೆಂಟಿಮೀಟರಿನಷ್ಟು ಮೇಲಿರುವುದರಿಂದ, 50 ಗಜಕ್ಕೆ ಕೂಡಿಸಿದ ಬಂದೂಕು 7 ಗಜದಲ್ಲಿ ಐದು ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಹೊಡೆಯುತ್ತದೆ. ಅಂಗಳದಲ್ಲಿ ಅದು ಬರಿಯ ಅಂಕದ ಪ್ರಶ್ನೆ. ಒತ್ತೆಯಾಳಿನ ಹಿಂದೆ ಅಡಗಿದವನನ್ನು ಎದುರಿಸುವ ಪೊಲೀಸಿನವನಿಗೆ ಅದು ಬೇರೆಯೇ ಪ್ರಶ್ನೆ.

ಮಧ್ಯಾಹ್ನದ ಊಟಕ್ಕೆ ಮೊದಲು ಮಿತ್ರರು ಗಾಜನ್ನು ಬಂದೂಕಿನಿಂದ ಬಿಚ್ಚಿ ನಮ್ಮ ಕೈಗೆ ಕೊಟ್ಟರು. ದೂರದ ಗೋಡೆಯ ಕಡೆಗೆ ಹಿಡಿದು ನೋಡಿದೆವು. ದುಂಡನೆಯ ಚುಕ್ಕೆಯ ಬದಲು ಬಾಲವಿರುವ ಒಂದು ಅಲ್ಪವಿರಾಮ ಚಿಹ್ನೆ ಕಂಡಿತು. ಅಗ್ಗದ ಸರಕು ಹೀಗೆಯೇ ಎಂದು ನಾವು ಸಂಪಾದಕೀಯ ಧಾಟಿಯಲ್ಲಿ ತೀರ್ಪು ಕೊಟ್ಟೆವು. ಮಿತ್ರರು ನಗಲಿಲ್ಲ, ಗಾಜನ್ನು ಮೆಲ್ಲನೆ ತಿರುಗಿಸಿ ನೋಡಿ ಎಂದರು. ಬಾಲವು ಗಾಜಿನೊಡನೆ ತಿರುಗಿದರೆ ದೋಷ ಗಾಜಿನದು; ಗಾಜು ತಿರುಗಿದರೂ ಬಾಲವು ಇದ್ದಲ್ಲಿಯೇ ನಿಂತರೆ ದೋಷ ಕಣ್ಣಿನದು. ಗಾಜನ್ನು ಕಾಲು ಸುತ್ತು ತಿರುಗಿಸಿದೆವು, ಅರ್ಧ ಸುತ್ತು ತಿರುಗಿಸಿದೆವು. ಬಾಲವು ನೈರುತ್ಯಕ್ಕೆ ಮುಖಮಾಡಿ ನಿಂತಲ್ಲಿಯೇ ನಿಂತಿತ್ತು. ಒಂದು ಕಾಗದಕ್ಕೆ ಸೂಜಿಯಿಂದ ಚುಚ್ಚಿದ ರಂಧ್ರದ ಮೂಲಕ ನೋಡಿದಾಗ ಚುಕ್ಕೆಯು ಮುತ್ತಿನಂತೆ ದುಂಡಗಾಯಿತು. ಕಣ್ಣಿನ ಗೋಲವು ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿ ಬಾಗಿರದಿದ್ದರೆ ಹೀಗಾಗುತ್ತದೆ. ಅಸ್ಟಿಗ್ಮ್ಯಾಟಿಸಂ ಎಂದು ವೈದ್ಯರು ಅದನ್ನು ಕರೆಯುತ್ತಾರೆ. ಅದು ಎಷ್ಟು ವರ್ಷದಿಂದ ನಮ್ಮೊಡನೆ ಇತ್ತೋ! ಮರುವಾರ ಹೊಸ ಕನ್ನಡಕ ಬಂದಿತು.

ನಮ್ಮ ಕಣ್ಣಿನ ದೋಷವನ್ನು ಗಾಜಿನ ಮೇಲೆ ಹೊರಿಸಿದ್ದು ಚಿಕ್ಕ ತಪ್ಪು. ಗಾಜಿನ ದೋಷವನ್ನು ಬಲ್ಲವರೇ ಅದನ್ನು ಸೈನಿಕನ ಕಣ್ಣಿನ ಪಾಲಿಗೆ ಬಿಟ್ಟುಕೊಟ್ಟ ಒಂದು ಪ್ರಕರಣವಿದೆ, ಅದು ಚಿಕ್ಕದಲ್ಲ. ಅಮೆರಿಕದ ಈಓಟೆಕ್ ಸಂಸ್ಥೆಯು ಮಾಡುತ್ತಿದ್ದುದು ಕೆಂಬೊಟ್ಟಿನ ದಾಯಾದಿಯಾದ ಹಾಲೊಗ್ರಾಫಿಕ್ ದರ್ಶಕ. ಅದರಲ್ಲಿ ಕಣದೀಪದ ಬದಲು ಲೇಸರು. ಕನ್ನಡಿಯ ಬದಲು ಹಾಲೊಗ್ರಾಮಿನ ಫಲಕ. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಲ್ಲಿ ಅಮೆರಿಕದ ಸೈನಿಕರು ಅದನ್ನು ಬಹುವಾಗಿ ಬಳಸಿದರು. ಮೈಕೊರೆಯುವ ಹಿಮದಿಂದ ಮರುಭೂಮಿಯ ಕಾವಿನವರೆಗೆ, ಒದ್ದೆ ಹವೆಯಲ್ಲಿಯೂ, ಅದು ತಪ್ಪದೆ ನಡೆಯುವುದೆಂದು ಸಂಸ್ಥೆಯು ಸರ್ಕಾರಕ್ಕೆ ಹೇಳಿತ್ತು. ಆದರೆ ಶೀತೋಷ್ಣ ಬದಲಾದಂತೆ ಗುರಿಯ ಗುರುತೂ ಗುಂಡು ಬೀಳುವ ತಾಣವೂ ಒಂದನ್ನೊಂದು ಅಗಲುತ್ತಿದ್ದವು. ಚಳಿಯಲ್ಲಿಯೂ ತೇವದಲ್ಲಿಯೂ ದರ್ಶಕವು ಹೇಳಿದಂತೆ ನಡೆಯದೆಂಬುದನ್ನು ಸಂಸ್ಥೆಯು ವರ್ಷಗಟ್ಟಲೆ ತಿಳಿದಿತ್ತೆಂದೂ, 2015ರಲ್ಲಿ ಎಫ್.ಬಿ.ಐ.ಯವರು ತಾವೇ ಪರೀಕ್ಷಿಸಿ ಶೀತೋಷ್ಣದ ದೋಷವನ್ನು ಕಂಡುಹಿಡಿದು ಮುಂದಿಟ್ಟ ಮೇಲೆಯೇ ಅದು ಬಾಯಿಬಿಟ್ಟಿತೆಂದೂ ಅಮೆರಿಕ ಸರ್ಕಾರವು ದೂರು ಹೂಡಿತು. ಅದೇ ವರ್ಷದ ನವೆಂಬರಿನಲ್ಲಿ 2 ಕೋಟಿ 56 ಲಕ್ಷ ಡಾಲರು ತೆರುವ ಒಪ್ಪಂದದೊಡನೆ ಆ ದೂರು ಇತ್ಯರ್ಥವಾಯಿತು. ಕೊಂಡವರಿಗೆ ಹಣವನ್ನು ಹಿಂದಿರುಗಿಸುವ ಏರ್ಪಾಡೂ ಆಯಿತು.

ನಾವು ವಾಚಕರ ಗಮನವನ್ನು ಸೆಳೆಯಬೇಕೆಂದಿರುವುದು ದಂಡದ ಮೊತ್ತದ ಕಡೆಗಲ್ಲ. ಆ ವರ್ಷಗಳಲ್ಲಿ ಬೆಟ್ಟದ ಚಳಿಯಲ್ಲಿ ಗುಂಡು ತಪ್ಪಿದ ಒಬ್ಬ ಸಿಪಾಯಿಯು ಏನೆಂದುಕೊಂಡಿರಬೇಕು? ಕೈ ನಡುಗಿತೆಂದುಕೊಂಡಿರಬೇಕು, ಉಸಿರು ಹಿಡಿಯಲಿಲ್ಲವೆಂದುಕೊಂಡಿರಬೇಕು, ಮೇಲಧಿಕಾರಿಯೂ ಹಾಗೆಯೇ ಗದರಿರಬೇಕು. ಗಾಜು ಸುಳ್ಳು ಹೇಳೀತೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ, ಅದನ್ನು ಗಾಜಿನ ಮೇಲೆ ರುಜುವಾತುಪಡಿಸುವ ಸಾಧನವೂ ಅವನಲ್ಲಿರಲಿಲ್ಲ. ದೋಷವಿರುವುದು ಅಪರಾಧವಲ್ಲ, ದೋಷವಿಲ್ಲದ ಯಂತ್ರವನ್ನು ನಾವು ಕಂಡಿಲ್ಲ, ನಮ್ಮ ಅಚ್ಚುಕೂಟದ ಯಂತ್ರವನ್ನೂ ಸೇರಿಸಿಯೇ ಹೇಳುತ್ತೇವೆ. ಇಷ್ಟು ಚಳಿಯಲ್ಲಿ ಇಷ್ಟು ಕಲೆ ಸರಿಯುವುದೆಂದು ಒಂದು ಚೀಟಿಯಲ್ಲಿ ಅಚ್ಚುಹಾಕಿ ಕೊಟ್ಟಿದ್ದರೆ ಸಿಪಾಯಿಯು ಅದಕ್ಕೆ ತಕ್ಕಂತೆ ಗುರಿಯನ್ನು ಮರಳಿ ಕೂಡಿಸಿಕೊಳ್ಳುತ್ತಿದ್ದನು.

ನಮ್ಮ ದೇಶದಲ್ಲಿಯೂ ಇಂಥ ದರ್ಶಕಗಳ ತಯಾರಿಕೆ ನಡೆದಿದೆ. ದೆಹರಾಡೂನಿನಲ್ಲಿ ರಕ್ಷಣಾ ಸಂಶೋಧನೆಯ ಉಪಕರಣಾಲಯವಿದೆ; ಸರ್ಕಾರದ ಹಳೆಯ ಕಾರ್ಖಾನೆಗಳಿಂದ 2021ರಲ್ಲಿ ಏರ್ಪಟ್ಟ ಇಂಡಿಯಾ ಆಪ್ಟೆಲ್ ಸಂಸ್ಥೆಯಿದೆ; 1954ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸ್ ಇದೆ. ಸ್ವದೇಶಿಯಾದುದೆಂಬ ಒಂದೇ ಕಾರಣಕ್ಕೆ ಗಾಜು ನಿಜ ಹೇಳುವುದಿಲ್ಲ, ವಿದೇಶಿಯಾದುದೆಂದು ಸುಳ್ಳನ್ನೂ ಹೇಳುವುದಿಲ್ಲ. ಸಿಯಾಚಿನ್ನಿನ ಹಿಮದಲ್ಲಿಯೂ ಥಾರ್ ಮರಳಿನಲ್ಲಿಯೂ ಒಂದೇ ಸೈನ್ಯವನ್ನು ನಿಲ್ಲಿಸಬೇಕಾದ ದೇಶ ನಮ್ಮದು. ಯಾರ ಗಾಜನ್ನೇ ಕೊಳ್ಳಲಿ, ಶೀತೋಷ್ಣದ ಪರೀಕ್ಷೆಯ ಅಂಕಗಳು ಅದನ್ನು ಹೆಗಲಿಗೇರಿಸುವವನ ಕೈಗೆ, ಅವನ ಭಾಷೆಯಲ್ಲಿ, ಗಾಜಿನೊಡನೆಯೇ ತಲುಪಬೇಕೆಂಬುದು ನಮ್ಮ ಆಗ್ರಹ. ಕಡತದಲ್ಲಿ ಮಲಗಿದ ಅಂಕದಿಂದ ಅವನಿಗೆ ಉಪಯೋಗವಿಲ್ಲ.

ಬ್ಯಾಟರಿಯ ಮಾತು ಒಂದೇ ವಾಕ್ಯಕ್ಕೆ ಸಾಕು. ಒಂದು ನಾಣ್ಯದಗಲದ ಬ್ಯಾಟರಿಯಿಂದ 50,000 ಗಂಟೆ, ಎಂದರೆ ಐದೂವರೆ ವರ್ಷಕ್ಕೂ ಮೀರಿ, ಉರಿಯುವ ಕೆಂಬೊಟ್ಟುಗಳು ಈಗ ಬಂದಿವೆ. ಆದರೂ ಪ್ರತಿ ವರ್ಷ ಒಂದು ಗೊತ್ತಾದ ದಿನ ಅದನ್ನು ಬದಲಿಸುವವರೇ ಬುದ್ಧಿವಂತರು, ಮತ್ತು ನಮ್ಮ ಮಿತ್ರರು ಅದಕ್ಕೆ ಆಯುಧಪೂಜೆಯ ದಿನವನ್ನು ಆರಿಸಿಕೊಂಡಿದ್ದಾರೆ.

ಊಟದ ಬಳಿಕ ಬಿಸಿಲು ಏರಿತು. ಬಿಚ್ಚಿದ ಗಾಜನ್ನು ಅದೇ ಕಚ್ಚಿನಲ್ಲಿ ಅದೇ ಬಿಗಿಗೆ ಕೂರಿಸಿ, ಬಿಳಿಯ ಗೆರೆ ಒಂದಾದುದನ್ನು ನೋಡಿ, ಮಿತ್ರರು ಕೊನೆಯ ಹತ್ತು ಗುಂಡುಗಳನ್ನು ಹೊಡೆದರು. ಗುಂಪಿನ ನಡುವು ಬೆಳಗಿನದಕ್ಕಿಂತ 9 ಮಿಲಿಮೀಟರು ಮೇಲಿತ್ತು. ಒಂದು ಟಿಕ್ಕಿಗಿಂತ ಸ್ವಲ್ಪ ಹೆಚ್ಚು. ಗಾಜು ಕಾದು ಸರಿಯಿತೋ, ಮದ್ದು ಕಾದು ಗುಂಡಿನ ವೇಗ ಹೆಚ್ಚಿತೋ, ಬಿಚ್ಚಿ ಕಟ್ಟಿದ್ದರಲ್ಲಿ ಕೂದಲಷ್ಟು ವ್ಯತ್ಯಾಸವಾಯಿತೋ, ಅಥವಾ ಹತ್ತು ಗುಂಡಿನಲ್ಲಿ ಸಹಜವಾಗಿ ಆಗಬಹುದಾದಷ್ಟೇ ಆಯಿತೋ ಎಂದು ನಾವು ಕೇಳಿದೆವು. ಅವರು ತಿರುಗಣಿಯನ್ನು ಮುಟ್ಟಲಿಲ್ಲ. ನೋಟುಬುಕ್ಕಿನಲ್ಲಿ ಹೊತ್ತು, ಹವೆಯ ಉಷ್ಣ, ತೋಟಾ ಪೆಟ್ಟಿಗೆಯ ಸಂಖ್ಯೆ, ಸರಿದ ಅಳತೆ ಎಲ್ಲವನ್ನೂ ಬರೆದು, ಕಾರಣ ಎಂಬ ಅಂಕಣವನ್ನು ಖಾಲಿ ಬಿಟ್ಟರು. ಪುಷ್ಯದ ಚಳಿಯಲ್ಲಿ ಒಂದು ಮುಂಜಾನೆ ಇದೇ ಪೆಟ್ಟಿಗೆಯ ತೋಟಾಗಳಿಂದ ಮತ್ತೊಮ್ಮೆ ಹೊಡೆದು ನೋಡಬೇಕೆಂದು ಐವತ್ತನ್ನು ಬೇರೆ ಕಟ್ಟಿ, ಮೇಲೆ ಚೀಟಿ ಅಂಟಿಸಿ, ಚೀಲಕ್ಕೆ ಸೇರಿಸಿದರು. ಹೊಸ ಕನ್ನಡಕ ಹಾಕಿಕೊಂಡು ನಾವೂ ಬರಬೇಕೆಂದು ಹೇಳಿದ್ದಾರೆ.